ಎಚ್ಚರ ಯಾರಿಗೆ ಬೇಕು?

ಪ್ರತಿವರ್ಷ ಜುಲೈ 30 ಮಾನವ ಕಳ್ಳಸಾಗಣೆ ವಿರೋಧಿ ದಿನ. ವಿಶ್ವಸಂಸ್ಥೆ 2013ರಲ್ಲಿ ಗೊತ್ತುಪಡಿಸಿದ ಈ ದಿನದಂದು ಜಾಥಾ ಹೊರಡುತ್ತದೆ, ಭಿತ್ತಿಪತ್ರ ಬಿಡುಗಡೆಯಾಗುತ್ತದೆ, ಪ್ರತಿಜ್ಞೆ ಬೋಧಿಸಲಾಗುತ್ತದೆ. ಇವುಗಳ ಸದುದ್ದೇಶದ ಬಗ್ಗೆ ಸಂಶಯವಿಲ್ಲ. ಆದರೆ ಸರ್ಕಾರಿ ಸೇವೆಯಲ್ಲಿದ್ದಾಗ ಇಂತಹ ಕಾರ್ಯಕ್ರಮಗಳ ವರದಿಗಳನ್ನು ಸಾಕಷ್ಟು ಓದಿದ್ದೇನೆ. ಎಷ್ಟು ಕರಪತ್ರ ಹಂಚಲಾಯಿತು, ಎಷ್ಟು ಜನ ಸೇರಿದ್ದರು, ಎಷ್ಟು ಹಣ ವೆಚ್ಚವಾಯಿತು ಎಂಬುದಕ್ಕೆಲ್ಲ ಅವುಗಳಲ್ಲಿ ಅಂಕಣಗಳಿರುತ್ತಿದ್ದವು. ಕೆಲಸಕ್ಕೆಂದು ಊರು ಬಿಟ್ಟ ಹುಡುಗಿ ಈಗ ಎಲ್ಲಿದ್ದಾಳೆಂದು ಯಾರಾದರೂ ವಿಚಾರಿಸಿದರೇ ಎಂಬುದಕ್ಕೆ ಅಂಕಣವಿರಲಿಲ್ಲ.

ಅಂಕೋಲೆಯ ಮಗ್ಗುಲಿನ ಕಡಲತೀರದ ಊರು ಕೇಣಿಯಲ್ಲಿ ಕುಳಿತು ಯೋಚಿಸಿದರೆ ಈ ಕೊರತೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಕೇಣಿಯತ್ತ ಬೆರಳು ತೋರಿಸುವುದು ನನ್ನ ಉದ್ದೇಶವಲ್ಲ. ಕರಾವಳಿಯ ಯಾವ ಮೀನುಗಾರರ ಊರಿಗೂ ಈ ಮಾತು ಸಲ್ಲುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಸಂಪಾದನೆ ನಿಂತರೂ ಮನೆಖರ್ಚು ನಿಲ್ಲುವುದಿಲ್ಲ. ಶಾಲೆ-ಕಾಲೇಜುಗಳ ಶುಲ್ಕ ಕಟ್ಟಬೇಕಾದುದೂ ಅದೇ ಹೊತ್ತಿಗೆ. ಹೆದ್ದಾರಿ ಹತ್ತಿರದಲ್ಲಿದೆ, 1998ರಿಂದ ಕೊಂಕಣ ರೈಲು ಇದೆ, ಕಾರವಾರ ದಾಟಿದರೆ ಗೋವಾದ ಗಡಿ. ದುಡಿಯಲು ಹೊರಗೆ ಹೋಗುವುದು ಇಲ್ಲಿ ಹೊಸತೂ ಅಲ್ಲ, ತಪ್ಪೂ ಅಲ್ಲ. ಮುಂಗಡದ ಹಣ ಹಿಡಿದು ಬರುವ ದಲ್ಲಾಳಿಗೆ ಬೇಕಾದುದೂ ಇಂತಹ ಹೊತ್ತೇ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನೋಡಿದರೆ, ಈ ವ್ಯವಹಾರದಲ್ಲಿ ಒಬ್ಬನಿಗೆ ಎಲ್ಲವೂ ಗೊತ್ತು, ಇನ್ನೊಬ್ಬರಿಗೆ ಏನೂ ಗೊತ್ತಿಲ್ಲ. ಕೆಲಸ ಯಾವುದು, ಯಜಮಾನ ಯಾರು, ಮುಂಗಡ ಹೇಗೆ ತೀರುತ್ತದೆ ಎಂಬುದೆಲ್ಲ ದಲ್ಲಾಳಿಗಷ್ಟೇ ತಿಳಿದಿರುತ್ತದೆ. ಈ ಅಂತರವನ್ನು ಕಡಿಮೆ ಮಾಡುವುದೇ ಜಾಗೃತಿಯ ಮೊದಲ ಕೆಲಸ. ಆದರೆ ನಮ್ಮ ಭಿತ್ತಿಪತ್ರಗಳು ಮಾಡುತ್ತಿರುವುದೇನು? ಮೊಣಕಾಲಿನಲ್ಲಿ ಮುಖ ಹುದುಗಿಸಿ ಅಳುವ ಹುಡುಗಿಯ ಚಿತ್ರ, ಕೆಳಗೆ ‘ಎಚ್ಚರ!’ ಎಂಬ ಒಂದು ಪದ. ಇದನ್ನು ಕಂಡ ತಂದೆತಾಯಿ ಹೆದರಿ ಮಗಳ ಕಾಲೇಜು ಬಿಡಿಸಬಹುದು, ವಯಸ್ಸಿಗೆ ಮುನ್ನವೇ ಮದುವೆ ಮಾಡಬಹುದು. ಈಗಾಗಲೇ ಮೋಸಹೋದವಳಿಗೆ ಅದು ಹೇಳುವುದು ಒಂದೇ: ನಿನ್ನ ಬಾಳು ಮುಗಿಯಿತು.

ದಲ್ಲಾಳಿಯ ನಿಜವಾದ ಬಂಡವಾಳ ಹಣವಲ್ಲ, ನಮ್ಮ ‘ಮರ್ಯಾದೆ’. ಓಡಿಹೋದರೂ ಊರು ಸೇರಿಸದು ಎಂಬ ನಂಬಿಕೆ ಬಲವಾಗಿದ್ದರೆ ಬಾಗಿಲಿಗೆ ಬೀಗ ಹಾಕುವ ಅಗತ್ಯವೇ ಬೀಳುವುದಿಲ್ಲ. ಗೋವಾದ ವಾಸ್ಕೋದಲ್ಲಿರುವ ಬೈನಾ ಕಡಲತೀರದ ವೇಶ್ಯಾವಾಟಿಕೆಯಲ್ಲಿ ಕರ್ನಾಟಕದ ಮಹಿಳೆಯರು ದೊಡ್ಡ ಸಂಖ್ಯೆಯಲ್ಲಿದ್ದರು. 2004ರ ಜೂನ್‌ನಲ್ಲಿ ಗೋವಾ ಸರ್ಕಾರ ಅಲ್ಲಿನ ಮನೆಗಳನ್ನು ನೆಲಸಮಗೊಳಿಸಿತು. ದಂಧೆ ನಿಲ್ಲಲಿಲ್ಲ, ಚದುರಿತು. ಮರಳಿ ಹೋಗಲು ಮನೆಯಿಲ್ಲದವಳಿಗೆ ಗೋಡೆ ಕೆಡವಿದ ಮಾತ್ರಕ್ಕೆ ಬಿಡುಗಡೆ ದೊರೆಯುವುದಿಲ್ಲ.

ಈ ವಿಷಯದಲ್ಲಿ ಕಾನೂನು ಸಮಾಜಕ್ಕಿಂತ ಉದಾರವಾಗಿದೆ. ಸಂವಿಧಾನದ 23ನೇ ವಿಧಿ ಮಾನವರ ಸಾಗಾಣಿಕೆಯನ್ನು ನಿಷೇಧಿಸಿದೆ. 2013ರಲ್ಲಿ ದಂಡಸಂಹಿತೆಗೆ ತಂದ ತಿದ್ದುಪಡಿಯ ಸಾರವೇ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಲ್ಲಿದೆ. ಅದರ ಪ್ರಕಾರ ಬೆದರಿಕೆ, ವಂಚನೆಗಳಷ್ಟೇ ಅಲ್ಲ, ಹುಡುಗಿಯ ಮೇಲೆ ಅಧಿಕಾರವುಳ್ಳವರಿಗೆ ಹಣ ಕೊಟ್ಟು ಒಪ್ಪಿಸುವುದೂ ಸಾಗಾಣಿಕೆಯ ಮಾರ್ಗವೇ. ಅಂದರೆ ಶೋಷಣೆಗೆಂದು ಕರೆದೊಯ್ಯುವವನು ತಂದೆಯ ಕೈಗಿತ್ತ ಮುಂಗಡವೂ ಅಪರಾಧದ ಭಾಗ. ಅದಕ್ಕಿಂತ ಮುಖ್ಯವಾಗಿ, ಸಂತ್ರಸ್ತೆ ಒಪ್ಪಿದ್ದಳೇ ಎಂಬುದು ಅಪರಾಧ ನಿರ್ಣಯದಲ್ಲಿ ಗಣನೆಗೆ ಬರುವುದಿಲ್ಲ. ‘ನಾನೇ ಒಪ್ಪಿ ಹೋದೆನಲ್ಲ’ ಎಂದು ತನ್ನನ್ನೇ ಹಳಿದುಕೊಳ್ಳುವವಳಿಗೆ ಈ ಒಂದು ವಾಕ್ಯವನ್ನು ಮುಟ್ಟಿಸಿದ ಭಿತ್ತಿಪತ್ರವನ್ನು ನಾನಿನ್ನೂ ಕಂಡಿಲ್ಲ. ಸಾಗಿಸಿ ತಂದವಳೆಂದು ತಿಳಿದೂ ಬಳಸಿಕೊಳ್ಳುವ ಗಂಡಸಿಗೆ 144ನೇ ಕಲಮಿನಡಿ ಕನಿಷ್ಠ 3 ವರ್ಷ, ಆಕೆ ಅಪ್ರಾಪ್ತಳಾಗಿದ್ದರೆ ಕನಿಷ್ಠ 5 ವರ್ಷ ಸೆರೆವಾಸವಿದೆ. ಆದರೂ ಗಂಡಸರನ್ನು ಉದ್ದೇಶಿಸಿದ ಜಾಥಾ ಹೊರಟಿದ್ದು ಅಪರೂಪ.

ಹಾಗಾದರೆ ಪ್ರಚಾರ ಹೇಗಿರಬೇಕು? ಮೊದಲನೆಯದಾಗಿ, ಅದು ಪ್ರಶ್ನೆ ಕಲಿಸಬೇಕು. ಕೆಲಸ ಕೊಡುವವರ ವಿಳಾಸವೇನು, ಗುರುತಿನ ಚೀಟಿ ಯಾರ ಬಳಿ ಇರುತ್ತದೆ, ಮೊದಲ ವಾರದಲ್ಲೇ ಮನೆಯವರು ಹೋಗಿ ನೋಡಬಹುದೇ? ಪ್ರಾಮಾಣಿಕರಿಗೆ ಇವು ಕಷ್ಟದ ಪ್ರಶ್ನೆಗಳಲ್ಲ. ಎರಡನೆಯದಾಗಿ, ಅದು ಊರಿನವರ ಬಾಯಿಂದ, ಊರಿನ ಕನ್ನಡ-ಕೊಂಕಣಿಯಲ್ಲಿ ಬರಬೇಕು. ಬುಟ್ಟಿ ಹೊತ್ತು ಮನೆಮನೆಗೆ ಹೋಗುವ ಮೀನು ಮಾರುವ ಹೆಂಗಸರಿಗೆ ಯಾವ ಮನೆಯ ಹುಡುಗಿ ಎಷ್ಟು ದಿನದಿಂದ ಕಾಣುತ್ತಿಲ್ಲವೆಂಬುದು ಯಾವ ಇಲಾಖೆಗಿಂತಲೂ ಮೊದಲು ತಿಳಿಯುತ್ತದೆ. ಅವರು, ಸ್ತ್ರೀಶಕ್ತಿ ಸಂಘಗಳ ಸದಸ್ಯೆಯರು, ಅಂಗನವಾಡಿ ಕಾರ್ಯಕರ್ತೆಯರು ಈ ಪ್ರಚಾರದ ಮುಂದಾಳುಗಳಾಗಲಿ. ಗ್ರಾಮ ಪಂಚಾಯಿತಿ ಮಟ್ಟದ ಕಾವಲು ಸಮಿತಿಗಳು ಅವರ ಮಾತಿಗೆ ಕಿವಿಗೊಡಲಿ. ತುರ್ತಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098 ಎಂಬ ಸಂಖ್ಯೆಗಳು ಬಸ್ ನಿಲ್ದಾಣದಲ್ಲಷ್ಟೇ ಅಲ್ಲ, ಮೀನು ಪೇಟೆಯಲ್ಲೂ ಕಾಣಲಿ. ಇದನ್ನೆಲ್ಲ ಜುಲೈ ಕೊನೆಗಲ್ಲ, ದೋಣಿಗಳು ದಡ ಸೇರುವ ಮುನ್ನ ಮೇ ತಿಂಗಳಲ್ಲೇ ಮಾಡಬೇಕು. ಆಗಲೇ ಸಂಘಗಳಿಂದ ಕಡಿಮೆ ಬಡ್ಡಿಯ ಕೈಸಾಲ ಸಿಗುವಂತಾದರೆ ಮುಂಗಡದ ಆಮಿಷವೂ ಅಷ್ಟರಮಟ್ಟಿಗೆ ತಗ್ಗುತ್ತದೆ.

ಮೂರನೆಯದು ಅತ್ಯಂತ ಕಠಿಣವಾದುದು. ಮರಳಿ ಬಂದವಳನ್ನು ಏನೂ ಕೇಳದೆ ಒಳಗೆ ಕರೆಯುವ ಮನಸ್ಸನ್ನು ಊರು ಬೆಳೆಸಿಕೊಳ್ಳಬೇಕು. ಕೇಂದ್ರ ಸರ್ಕಾರ 2007ರಲ್ಲಿ ಆರಂಭಿಸಿದ ‘ಉಜ್ವಲಾ’ ಯೋಜನೆ ತಡೆ, ರಕ್ಷಣೆ, ಪುನರ್ವಸತಿಗಳ ಜೊತೆಗೆ ಸಮಾಜದೊಡನೆ ಮರುಬೆಸುಗೆಯನ್ನೂ ಗುರಿಯಾಗಿಸಿಕೊಂಡಿತ್ತು. ಅದೀಗ ‘ಶಕ್ತಿ ಸದನ’ವಾಗಿದೆ. ಸದನವನ್ನು ಸರ್ಕಾರ ಕಟ್ಟಬಹುದು. ಮರುಬೆಸುಗೆ ಹಾಕಬೇಕಾದವರು ನೆರೆಹೊರೆಯವರು. ಮಗಳು ಯಾವಾಗ ಬಂದರೂ ಬಾಗಿಲು ತೆರೆದಿರುತ್ತದೆಂಬ ಭರವಸೆ ಪ್ರತಿ ಮನೆಯಲ್ಲೂ ಇದ್ದರೆ ದಲ್ಲಾಳಿಗೆ ಆಕೆಯನ್ನು ಹಿಡಿದಿಡುವುದು ಸುಲಭವಾಗದು.