ಲೋಳೆಸರ ತಿಂದರೆ ನಾಯಿಗೆ ಏನಾಗುತ್ತೆ?

ತೋಟದ ಮನೆ ಅಂದ್ಮೇಲೆ ಕಾವಲಿಗೊಂದು ನಾಯಿ, ಅಂಗಳದಲ್ಲೊಂದು ಬುಡ ಲೋಳೆಸರ ಇದ್ದೇ ಇರುತ್ತೆ. ಹಲ್ಲು ಬರೋ ಮರಿ ಸಿಕ್ಕಿದ್ದನ್ನೆಲ್ಲ ಕಡಿಯುತ್ತೆ. ಹಾಗಾಗಿ ಈ ಪ್ರಶ್ನೆಯನ್ನು ನನಗೆ ಆಗಾಗ ಕೇಳ್ತಾರೆ: ಲೋಳೆಸರ ನಾಯಿಗೆ ವಿಷವಾ?

ಹೌದು, ಸ್ವಲ್ಪ ಮಟ್ಟಿಗೆ ವಿಷವೇ. ಆದರೆ ಎಲೆಯ ಎಲ್ಲ ಭಾಗವೂ ಅಲ್ಲ.

ಒಂದು ಎಲೆ ಅಡ್ಡಕ್ಕೆ ಕೊಯ್ದು ನೋಡಿ. ಹೊರಗೆ ಹಸಿರು ಸಿಪ್ಪೆ, ಒಳಗೆ ನೀರಿನಂಥ ಲೋಳೆ. ಸಿಪ್ಪೆಯ ಅಡಿಯಿಂದ ಹಳದಿ ಹಾಲು ಜಿನುಗುತ್ತಲ್ಲ, ತೊಂದರೆ ಇರೋದು ಅದರಲ್ಲೇ. ಅದರಲ್ಲಿರುವ ಅಲೋಯಿನ್ ಎಂಬ ಕಹಿ ಅಂಶ ಕರುಳನ್ನು ಕೆರಳಿಸಿ, ಮೈಯ ನೀರನ್ನು ಕರುಳಿಗೆ ಎಳೆಯುತ್ತದೆ. ಭೇದಿಗೆ ಕೊಡುತ್ತಿದ್ದ ಕರಿಬೋಳ ಅಂದ್ರೆ ಇದೇ ಹಾಲನ್ನು ಒಣಗಿಸಿದ್ದು. ನಾಯಿ ತಿಂದರೆ ವಾಂತಿ, ಭೇದಿ ಆಗುತ್ತೆ, ಮಂಕಾಗಿ ಮಲಗುತ್ತೆ, ಕೆಲವೊಮ್ಮೆ ಮೂತ್ರ ಕೆಂಪಗಾಗುತ್ತೆ. ಕಹಿ ಇರೋದರಿಂದ ದೊಡ್ಡ ನಾಯಿ ಒಂದು ಸಲ ಕಚ್ಚಿ ಬಿಟ್ಟುಬಿಡುತ್ತೆ, ಪ್ರಾಣಕ್ಕೆ ಅಪಾಯ ಆಗೋದು ಅಪರೂಪ. ಮರಿಯ ಕಥೆ ಬೇರೆ. ಭೇದಿ ನಿಲ್ಲದಿದ್ದರೆ ಮೈಯ ನೀರೆಲ್ಲ ಹೋಗಿ ಬೇಗ ಸೊರಗುತ್ತೆ.

ನಮ್ಮಲ್ಲಿ ನಾಯಿ ಗಾಯಕ್ಕೆ ಲೋಳೆಸರ ಹಚ್ಚುವವರೂ ಇದ್ದಾರೆ. ಹಚ್ಚಿದ್ದನ್ನು ನಾಯಿ ನೆಕ್ಕದೆ ಬಿಡುತ್ತಾ? ಹಚ್ಚಲೇಬೇಕು ಅಂದ್ರೆ ಕೊಯ್ದ ಎಲೆಯನ್ನು ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲಿಸಿ ಹಾಲು ಇಳಿಸಿ, ಸಿಪ್ಪೆ ತೆಗೆದು, ಲೋಳೆಯನ್ನು ತೊಳೆದು ಬಳಸಿ. ಗಾಯದ ಮೇಲೆ ಬಟ್ಟೆ ಕಟ್ಟಿ. ಸಿಪ್ಪೆಯನ್ನು ನಾಯಿ ಕೆದಕುವ ತಿಪ್ಪೆಗೆ ಎಸೀಬೇಡಿ.

ನನ್ನನ್ನು ಕೇಳಿದ್ರೆ, ಲೋಳೆಸರಕ್ಕಿಂತ ಹೆಚ್ಚು ಹೆದರಬೇಕಾದ್ದು ಪಕ್ಕದ ಕುಂಡದ ಕಾಡುಬಸಳೆಗೆ. ಎಲೆ ಅಂಚಲ್ಲೇ ಮರಿಗಿಡ ಹುಟ್ಟುತ್ತಲ್ಲ, ಕಿಡ್ನಿ ಕಲ್ಲಿಗೆ ಅಂತ ಜನ ತಿಂತಾರಲ್ಲ, ಅದೇ. ನರ್ಸರಿಯವರು ಕಲಾಂಚೊ ಅಂತ ಮಾರುವ ಬಣ್ಣದ ಹೂವಿನ ಗಿಡವೂ ಇದರ ಜಾತಿಯದೇ. ಇವುಗಳ ವಿಷ ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲದು. ಹೂವಲ್ಲಂತೂ ವಿಷ ಇನ್ನೂ ಜಾಸ್ತಿ. ಆಸ್ಟ್ರೇಲಿಯಾದಲ್ಲಿ ಈ ಜಾತಿಯ ಗಿಡಗಳು ಹುಲ್ಲುಗಾವಲಿಗೆ ಹಬ್ಬಿ, ಮೇದ ದನಗಳು ಸತ್ತಿವೆ. ಹಾಗಾಗಿ ಇದು ನಾಯಿ ಸಾಕಿದವರ ಚಿಂತೆ ಮಾತ್ರ ಅಲ್ಲ. ಕುಂಡ ಖಾಲಿ ಮಾಡಿ ಆ ಗಿಡವನ್ನು ಬದುವಿಗೆ ಎಸೆದರೆ ಬಿದ್ದ ಒಂದೊಂದು ಎಲೆಯೂ ಬೇರು ಬಿಡುತ್ತೆ. ನಾಳೆ ಅಲ್ಲೇ ನಿಮ್ಮ ಆಡು, ಕರು ಮೇಯ್ತವೆ.

ನಾಯಿ ಯಾವುದಾದರೂ ಗಿಡ ತಿಂದದ್ದು ಕಂಡ್ರೆ ಬಾಯಲ್ಲಿರೋದನ್ನು ತೆಗೆದು, ಕುಡಿಯೋಕೆ ನೀರಿಡಿ. ವಾಂತಿ ಮಾಡಿಸೋಕೆ ಅಂತ ಉಪ್ಪುನೀರು ಕುಡಿಸಬೇಡಿ, ಉಪ್ಪೇ ಇನ್ನೊಂದು ವಿಷವಾಗುತ್ತೆ. ಗಿಡದ ಎಲೆ, ಹೂವು ಎರಡೂ ಕಾಣುವಂತೆ ಫೋಟೋ ತೆಗೆದು, ಎಷ್ಟು ಹೊತ್ತಿಗೆ, ಎಷ್ಟು ತಿಂದಿತು ಅನ್ನೋದನ್ನೂ ಸೇರಿಸಿ ಪಶುವೈದ್ಯರಿಗೆ ಕಳಿಸಿ. ತಿಂದದ್ದು ಕಾಡುಬಸಳೆ ಆಗಿದ್ದರೆ ಲಕ್ಷಣ ಕಾಣೋವರೆಗೂ ಕಾಯಬೇಡಿ, ಆಗಲೇ ಹೊರಡಿ.