ಹೊಸಪೇಟೆ, ಕಂಪ್ಲಿ ಸೀಮೆಯಲ್ಲಿ ಕಾಲೇಜು ವಿದ್ಯಾರ್ಥಿಗಳ ಕಾರ್ಯಾನುಭವ

ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿ ಎಂಬ ನಾಲ್ಕು ಸ್ಥಳಗಳು ಒಂದೇ ಹಗಲಿನಲ್ಲಿ ಸುತ್ತಿಬರಬಹುದಾದಷ್ಟು ಸಮೀಪದವು. ಆದರೂ ಅಲ್ಲಿಯ ಜನರ ಜೀವನೋಪಾಯಗಳು ಬೇರೆ ಬೇರೆ. ಕಂಪ್ಲಿಯ ಕಡೆ ಬತ್ತವೇ ಪ್ರಧಾನ. ಹೊಸಪೇಟೆಯ ಬಯಲಿನಲ್ಲಿ ಬಾಳೆ ಮತ್ತು ಕಬ್ಬು. ಸಂಡೂರಿನಲ್ಲಿ ಕಬ್ಬಿಣದ ಅದಿರು ಮತ್ತು ಲಂಬಾಣಿ ಕಸೂತಿ. ಹಂಪೆಯಲ್ಲಿ ಯಾತ್ರಿಕರಿಂದ ಬರುವ ಆದಾಯ. ಇಂತಹ ಸೀಮೆಯಲ್ಲಿ ಕಾಲೇಜು ವಿದ್ಯಾರ್ಥಿಗಳು ಕೆಲವು ವಾರಗಳು ನಿಂತು ಕೆಲಸಮಾಡಿದರೆ, ಅಂದರೆ ಈಗಿನ ಮಾತಿನಲ್ಲಿ ಇಂಟರ್ನ್‌ಶಿಪ್ ನಡೆಸಿದರೆ, ಅವರಿಗೆ ದೊರೆಯುವ ಪ್ರಯೋಜನವೇನೆಂಬುದು ವಿಚಾರಯೋಗ್ಯವಾಗಿದೆ.

ಕೃಷಿ ಕಾಲೇಜುಗಳಿಗೆ ಈ ಪದ್ಧತಿಯು ಹೊಸದಲ್ಲ. ವಿದ್ಯಾರ್ಥಿಗಳು ಹಳ್ಳಿಯಲ್ಲಿಯೇ ವಾಸಮಾಡಿ ರೈತರೊಡನೆ ಕಲಿಯಬೇಕೆಂದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ರಾಂಧಾವಾ ಸಮಿತಿಯು ೧೯೯೨ರಲ್ಲಿ ಶಿಫಾರಸು ಮಾಡಿತು. ೨೦೧೫ರಲ್ಲಿ ಇದು ‘ಸ್ಟೂಡೆಂಟ್ ರೆಡಿ’ ಎಂಬ ಯೋಜನೆಯೊಳಗೆ ಸೇರಿತು. ಈ ಸೀಮೆಯು ೨೦೦೮ರಲ್ಲಿ ಸ್ಥಾಪಿತವಾದ ರಾಯಚೂರು ಕೃಷಿ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದೆ. ಜಲಾಶಯದ ಆಚೆ ಮುನಿರಾಬಾದಿನಲ್ಲಿ ತೋಟಗಾರಿಕೆ ಕಾಲೇಜುಂಟು. ಬಳ್ಳಾರಿಯ ವಿಶ್ವವಿದ್ಯಾಲಯವು ಸಂಡೂರು ತಾಲ್ಲೂಕಿನ ನಂದಿಹಳ್ಳಿಯಲ್ಲಿ ಸ್ನಾತಕೋತ್ತರ ಕೇಂದ್ರವನ್ನಿಟ್ಟಿದೆ. ವಾಣಿಜ್ಯ, ಅರ್ಥಶಾಸ್ತ್ರಗಳನ್ನು ಓದುವವರಿಗೂ ಹಳ್ಳಿಯ ಸಹಕಾರ ಸಂಘವು ಪ್ರಯೋಗಶಾಲೆಯಾಗಬಲ್ಲುದು.

ಕೃಷಿ ವಿದ್ಯಾರ್ಥಿಗಳು ಹಳ್ಳಿಗೆ ಬಂದು ಮಾಡುವ ಮೊದಲ ಕೆಲಸಗಳಲ್ಲಿ ಊರಿನ ನಕ್ಷೆ ಒಂದು. ಚಾವಡಿಯ ಮುಂದೆ ನೆಲವನ್ನು ಗುಡಿಸಿ, ಬಣ್ಣದ ರಂಗೋಲಿಯಲ್ಲಿ ಕೆರೆ, ಕಾಲುವೆ, ಹೊಲ, ಕೇರಿಗಳನ್ನು ಬರೆಯುವರು. ನೋಡಲು ಬಂದ ರೈತರು ಸುಮ್ಮನಿರುವುದಿಲ್ಲ. ಒಬ್ಬನು ಕಾಲುವೆಯ ಗೆರೆಯನ್ನು ಅಳಿಸಿ, ತನ್ನ ಹೊಲದವರೆಗೆ ನೀರು ಬರುವುದೇ ಇಲ್ಲವೆನ್ನುವನು. ಮತ್ತೊಬ್ಬನು ಅದನ್ನು ಒಪ್ಪುವುದಿಲ್ಲ. ಕಾಲುವೆಯ ತಲೆಭಾಗದವರಿಗೂ ಕೊನೆಯ ಭಾಗದವರಿಗೂ ಇರುವ ಅಂತರವು ಈ ವಾದದಲ್ಲಿ ತಿಳಿಯುವಷ್ಟು ಸ್ಪಷ್ಟವಾಗಿ ಯಾವ ಪಠ್ಯದಲ್ಲಿಯೂ ತಿಳಿಯುವುದಿಲ್ಲ. ವಿಜಯನಗರದ ಅರಸರ ಕಾಲದ ಕಾಲುವೆಗಳು ಇಲ್ಲಿ ಇಂದಿಗೂ ಹರಿಯುತ್ತಿವೆ. ತುಂಗಭದ್ರಾ ಅಣೆಕಟ್ಟಿನ ನೀರು ೧೯೫೩ರಿಂದ ಬಂದಿತು. ೨೦೨೪ರ ಆಗಸ್ಟ್ ೧೦ರ ರಾತ್ರಿ ಅಣೆಕಟ್ಟಿನ ೧೯ನೆಯ ತೂಬಿನ ಬಾಗಿಲು ಸರಪಳಿ ತುಂಡಾಗಿ ಕೊಚ್ಚಿಹೋಗಿ, ತಾತ್ಕಾಲಿಕ ತಡೆಯನ್ನಿಡಲು ಒಂದು ವಾರ ಹಿಡಿಯಿತು. ಈ ಸೀಮೆಯ ನಾಟಿ, ಕೂಲಿ, ಸಾಲ ಎಲ್ಲವೂ ಒಂದು ಜಲಾಶಯಕ್ಕೆ ಕಟ್ಟಿಬಿದ್ದಿರುವುದನ್ನು ಆ ವಾರವು ತೋರಿಸಿತು.

ಎರಡನೆಯ ಪ್ರಯೋಜನವು ಲೆಕ್ಕದ್ದು. ಸರಕಾರವು ಬತ್ತದ ಬೆಂಬಲ ಬೆಲೆಯನ್ನು ಕ್ವಿಂಟಾಲಿನ ಮೇಲೆ ಹೇಳುತ್ತದೆ. ಇಲ್ಲಿಯ ವ್ಯಾಪಾರವು ೭೫ ಕಿಲೋಗ್ರಾಂ ಚೀಲದ ಮೇಲೆ ನಡೆಯುತ್ತದೆ. ೨೦೨೪-೨೫ರಲ್ಲಿ ಸಾಮಾನ್ಯ ಬತ್ತಕ್ಕೆ ಕ್ವಿಂಟಾಲಿಗೆ ೨,೩೦೦ ರೂಪಾಯಿ ಗೊತ್ತಾಗಿತ್ತು. ಚೀಲಕ್ಕೆ ೧,೭೨೫ ರೂಪಾಯಿ ಆಯಿತು. ವ್ಯಾಪಾರಿಯು ಚೀಲಕ್ಕೆ ೧,೬೦೦ ಎಂದರೆ ರೈತನಿಗೆ ಚೀಲವೊಂದಕ್ಕೆ ೧೨೫ ರೂಪಾಯಿ ಕಡಿಮೆ. ಆದರೆ ಸರಕಾರದ ಖರೀದಿಯಲ್ಲಿ ತೇವಾಂಶವು ನೂರಕ್ಕೆ ೧೭ನ್ನು ಮೀರಕೂಡದು. ಹಣ ಕೈಸೇರಲು ಕಾಯಲೂ ಬೇಕು. ಒಣಗಿಸಲು ಕಣವಿಲ್ಲದ, ಸಾಲದ ಕಂತು ಮುಂದಿರುವ ರೈತನು ಕಣದ ಅಂಚಿನಲ್ಲಿಯೇ ಏಕೆ ಮಾರುತ್ತಾನೆಂಬುದನ್ನು ತೂಕದ ಬಳಿ ನಿಂತ ವಿದ್ಯಾರ್ಥಿಯು ಅರಿಯುವನು. ಅವನನ್ನು ಅಜ್ಞಾನಿಯೆಂದು ಹಳಿಯಲಾರನು. ಹೊಸಪೇಟೆಯ ಸಕ್ಕರೆ ಕಾರ್ಖಾನೆಯು ಮುಚ್ಚಿದ ಮೇಲೆ ಕಬ್ಬನ್ನು ದೂರಕ್ಕೆ ಸಾಗಿಸಬೇಕಾದ ಬೆಳೆಗಾರರ ಖರ್ಚನ್ನೂ, ದಾರಿಯಲ್ಲಿ ಒಣಗಿ ತಗ್ಗುವ ತೂಕವನ್ನೂ ಇದೇ ಬಗೆಯಲ್ಲಿ ಬರೆದಿಡಬಹುದು.

ಸಂಡೂರಿನಲ್ಲಿ ಪಾಠವು ಬೇರೆ. ೨೦೧೧ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ, ಒಂದೇ ಉದ್ಯಮವನ್ನು ನಂಬಿದ ಊರುಗಳ ಸ್ಥಿತಿಯು ಬಯಲಾಯಿತು. ಅದೇ ತಾಲ್ಲೂಕಿನ ತಾಂಡಾಗಳ ಹೆಂಗಸರು ಸೂಜಿದಾರಗಳಿಂದ ಮಾಡುವ ಕಸೂತಿಯು ೨೦೧೦ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯನ್ನು ಪಡೆದಿತ್ತು. ೨೦೨೩ರ ಜುಲೈಯಲ್ಲಿ ಹಂಪೆಯ ಜಿ-೨೦ ಸಭೆಯ ಸಮಯದಲ್ಲಿ ೧,೭೫೫ ಲಂಬಾಣಿ ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಯಾಯಿತು. ದಾಖಲೆಯು ಸಂತೋಷದ ವಿಷಯವೇ. ಆದರೆ ಒಂದು ಚೀಲಕ್ಕೆ ಎಷ್ಟು ದಿನದ ದುಡಿಮೆ, ಆ ದಿನಕ್ಕೆ ಕೂಲಿಯೆಷ್ಟು, ಅಂಗಡಿಯಲ್ಲಿ ಬೆಲೆಯೆಷ್ಟು ಎಂಬ ಮೂರು ಅಂಕಣಗಳನ್ನು ತುಂಬುವ ವಿದ್ಯಾರ್ಥಿನಿಯು ಆ ಹೆಂಗಸರಿಗೆ ಹೆಚ್ಚು ಉಪಕಾರ ಮಾಡಿದವಳಾಗುವಳು. ಹಂಪೆಯಲ್ಲಿಯೂ ಕಲಿಯಲು ಬೇಕಾದಷ್ಟಿದೆ. ೧೯೮೬ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಸ್ಥಳದಲ್ಲಿ ಸ್ಮಾರಕರಕ್ಷಣೆಗೂ ಅಂಗಡಿಯವರ ಹೊಟ್ಟೆಪಾಡಿಗೂ ಇರುವ ತಿಕ್ಕಾಟವು ಅಲ್ಲಿ ಕಣ್ಣಿಗೆ ಕಾಣುವಂಥದು.

ಕಾರ್ಯಾನುಭವವೆಂಬ ಹೆಸರಿನಲ್ಲಿ ಹಾಜರಿಯ ಸಹಿ, ಕಡೆಗೊಂದು ಪ್ರಮಾಣಪತ್ರ, ಇಷ್ಟರಲ್ಲಿಯೇ ಮುಗಿಯುವ ಪ್ರಸಂಗಗಳೂ ಉಂಟು. ಅಂತಹುದರಿಂದ ವಿದ್ಯಾರ್ಥಿಗೆ ಕಾಲಹರಣ, ಹಳ್ಳಿಗೆ ತೊಂದರೆ. ಇದನ್ನು ತಪ್ಪಿಸಬೇಕಾದರೆ ತಂಡಕ್ಕೆ ಒಂದೇ ಸ್ಪಷ್ಟವಾದ ಪ್ರಶ್ನೆಯನ್ನೂ, ಊರಿನವನೇ ಆದ ಒಬ್ಬ ಮಾರ್ಗದರ್ಶಕನನ್ನೂ ಗೊತ್ತುಮಾಡತಕ್ಕದ್ದು. ವಸತಿ ಊಟಗಳ ವೆಚ್ಚವನ್ನು ಕಾಲೇಜು ವಹಿಸದಿದ್ದರೆ ಬಡವರ ಮಕ್ಕಳು ಹಿಂದುಳಿಯುವರು. ಕಾಲವೂ ಮುಖ್ಯ: ಮುಂಗಾರು ಬತ್ತದ ನಾಟಿಯು ಜುಲೈ, ಆಗಸ್ಟ್ ತಿಂಗಳುಗಳಲ್ಲಿ, ಕೊಯ್ಲು ನವೆಂಬರ್, ಡಿಸೆಂಬರಿನಲ್ಲಿ, ಪರೀಕ್ಷೆಗಳ ಅನುಕೂಲವನ್ನಷ್ಟೇ ನೋಡಿ ನಡುವೆ ಬಂದವರಿಗೆ ಈ ಎರಡೂ ಕಾಣುವುದಿಲ್ಲ. ಹಿಂದಿರುಗುವಾಗ ಲೆಕ್ಕದ ಪುಸ್ತಕದ ಒಂದು ಪ್ರತಿಯನ್ನು ಸಹಕಾರ ಸಂಘದಲ್ಲಿ ಬಿಟ್ಟುಹೋದರೆ, ಮುಂದಿನ ವರ್ಷದ ತಂಡವು ಅಲ್ಲಿಂದಲೇ ಕೆಲಸವನ್ನು ಮುಂದುವರಿಸಬಹುದು.