ಡೀಸೆಲ್ ಎಂಜಿನ್ನಿನ ಬಲ ಡೀಸೆಲ್‌ನಲ್ಲಿಲ್ಲ

ಲಾರಿ, ಟ್ರ್ಯಾಕ್ಟರ್, ಜೆಸಿಬಿ, ಬೋರ್‌ವೆಲ್ ಕೊರೆಯುವ ಗಾಡಿ, ಹೀಗೆ ಭಾರದ ಕೆಲಸವೆಲ್ಲ ಡೀಸೆಲ್ ಎಂಜಿನ್ನಿನ ಪಾಲಿಗೇ ಬಂದಿದೆ. ಅದನ್ನು ದಿನವೂ ನೋಡುವವರಿಗೆ ಡೀಸೆಲ್ ಎಂಬ ಎಣ್ಣೆಯಲ್ಲೇ ಕಸುವು ಹೆಚ್ಚು ಅನ್ನಿಸುವುದು ಸಹಜ. ಪೆಟ್ರೋಲ್ ತೆಳು, ಕೈಮೇಲೆ ಬಿದ್ದರೆ ಆರಿಹೋಗುತ್ತದೆ. ಡೀಸೆಲ್ ಜಿಡ್ಡು, ಸೋಪು ಹಾಕಿ ತಿಕ್ಕಿದರೂ ವಾಸನೆ ಬಿಡದು. ಒಂದು ಅನ್ನ, ಇನ್ನೊಂದು ಮುದ್ದೆ ಎಂಬಂಥ ಲೆಕ್ಕ ಇದು. ಆದರೆ ತಕ್ಕಡಿಯಲ್ಲಿಟ್ಟರೆ ಈ ಲೆಕ್ಕ ನಿಲ್ಲುವುದಿಲ್ಲ. ಒಂದು ಕಿಲೋ ಡೀಸೆಲ್ ಉರಿದರೆ ಸಿಗುವ ಶಾಖವೂ ಒಂದು ಕಿಲೋ ಪೆಟ್ರೋಲ್ ಉರಿದರೆ ಸಿಗುವ ಶಾಖವೂ ಹೆಚ್ಚುಕಡಿಮೆ ಸಮ, ಸುಮಾರು 43 ಮೆಗಾಜೌಲ್. ಡೀಸೆಲ್‌ನ ಸಾಂದ್ರತೆ ಜಾಸ್ತಿ, ನಾವು ಕೊಳ್ಳುವುದು ಲೀಟರಿನಲ್ಲಿ. ಹಾಗಾಗಿ ಲೀಟರಿಗೆ ಶೇ. 10ರಿಂದ 12ರಷ್ಟು ಶಾಖ ಹೆಚ್ಚು ಸಿಗುತ್ತದೆ. ಅಷ್ಟು ಒಪ್ಪೋಣ. ಆದರೆ ಒಂದೇ ಗಾತ್ರದ ಎರಡು ಕಾರುಗಳಲ್ಲಿ ಡೀಸೆಲ್ ಕಾರು ಲೀಟರಿಗೆ ಕಾಲುಭಾಗದಷ್ಟೋ ಇನ್ನೂ ಹೆಚ್ಚೋ ದೂರ ಓಡುತ್ತದಲ್ಲ, ಉಳಿದದ್ದು ಎಲ್ಲಿಂದ ಬಂತು? ಅದು ಬಂದಿರುವುದು ಗಾಳಿಯನ್ನು ಹಿಂಡುವ ಬಗೆಯಿಂದ. ಡೀಸೆಲ್ ಎಂಜಿನ್ನಿನ ಬಗೆಗಿರುವ ತಪ್ಪು ತಿಳಿವಳಿಕೆಗಳಲ್ಲಿ ಬಹುಪಾಲು ಹುಟ್ಟಿರುವುದು ಗಾಳಿಯನ್ನು ಬಿಟ್ಟು ಎಣ್ಣೆಯನ್ನೇ ನೋಡುವುದರಿಂದ.

ಪೆಟ್ರೋಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗಿನ ಕಿಡಿ ಬೆಂಕಿ ಹಚ್ಚುತ್ತದೆ. ಡೀಸೆಲ್ ಎಂಜಿನ್ನಿನಲ್ಲೂ ಎಲ್ಲೋ ಒಂದು ಪ್ಲಗ್ ಇರಲೇಬೇಕೆಂದು ಅನೇಕರು ಭಾವಿಸುತ್ತಾರೆ. ಕಿಡಿ ಅಲ್ಲಿ ಇಲ್ಲವೇ ಇಲ್ಲ. ಪಿಸ್ಟನ್ ಕೆಳಗಿಳಿಯುವಾಗ ಸಿಲಿಂಡರ್ ತುಂಬ ಬರುವುದು ಬರೀ ಗಾಳಿ. ಕವಾಟಗಳು ಮುಚ್ಚಿ ಪಿಸ್ಟನ್ ಮೇಲೇರಿದಾಗ ಆ ಗಾಳಿ 16ರಲ್ಲೋ 20ರಲ್ಲೋ ಒಂದು ಪಾಲಿನಷ್ಟು ಜಾಗಕ್ಕೆ ಕುಗ್ಗುತ್ತದೆ, ಅದರ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು 250 ಡಿಗ್ರಿಯ ಆಸುಪಾಸು ಸಾಕು. ಪಿಸ್ಟನ್ ತುದಿ ಮುಟ್ಟುವ ಹೊತ್ತಿಗೆ ಸರಿಯಾಗಿ ನಾಜಲ್ ಎಣ್ಣೆಯನ್ನು ಮಂಜಿನಂತೆ ಚಿಮ್ಮಿಸುತ್ತದೆ, ಅದು ಗಾಳಿಗೆ ತಾಗಿದೊಡನೆ ಉರಿಯುತ್ತದೆ. ಸೈಕಲ್ ಪಂಪ್ ಹೊಡೆಯುವಾಗ ಬುಡ ಬಿಸಿಯಾಗುವುದೂ ಇದೇ ಕಾರಣಕ್ಕೆ. ಅದು ಒಳಗಿನ ವಾಷರ್ ಉಜ್ಜುವುದರ ಬಿಸಿ ಎಂದು ವಾದಿಸುವವರುಂಟು. ಉಜ್ಜುವಿಕೆ ಕೊಳವೆಯ ಉದ್ದಕ್ಕೂ ಇರುತ್ತದೆ. ಕೈ ಸುಡುವುದು ಗಾಳಿ ಇಕ್ಕಟ್ಟಾಗುವ ಬುಡದಲ್ಲಿ ಮಾತ್ರ. ಸಿಲಿಂಡರಿನಲ್ಲಿ ಹಿಂಡಿದ ಗಾಳಿಯಲ್ಲಿ ಉರಿ ಹತ್ತಿದಾಗ ಅದು ಮತ್ತೆ ಅಷ್ಟೇ ದೂರ ಹಿಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ. ಹೆಚ್ಚು ಹಿಗ್ಗಿದಷ್ಟೂ ಶಾಖದಿಂದ ಹೆಚ್ಚು ಕೆಲಸ ತೆಗೆಯಬಹುದು. ಮೈಲೇಜಿನ ಗುಟ್ಟು ಬಹುಮಟ್ಟಿಗೆ ಇಲ್ಲೇ ಇದೆ.

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಸುರುಳಿಯ ಗುರುತು ಬೆಳಗುತ್ತದಲ್ಲ, ಅದು ಪ್ಲಗ್ಗೇ ತಾನೆ ಎಂಬ ಆಕ್ಷೇಪ ಬರಬಹುದು. ಅದು ಹೀಟರ್ ಪ್ಲಗ್. ತಣ್ಣಗಿರುವ ಲೋಹ ಗಾಳಿಯ ಬಿಸಿಯನ್ನು ಹೀರಿಬಿಡುತ್ತದೆಂದು ಶುರುವಿನಲ್ಲಿ ಒಳಗನ್ನು ಕಾಯಿಸಿಕೊಡುವುದು ಅದರ ಕೆಲಸ. ಪ್ರತಿ ಸುತ್ತಿಗೂ ಬೆಂಕಿ ಹಚ್ಚುವುದಲ್ಲ. ಹೊಲದ ಹಳೆಯ ಡೀಸೆಲ್ ಪಂಪ್‌ಸೆಟ್ ಇದಕ್ಕಿಂತ ಒಳ್ಳೆಯ ಸಾಕ್ಷಿ. ಅದಕ್ಕೆ ಬ್ಯಾಟರಿಯೂ ಇಲ್ಲ, ವೈರೂ ಇಲ್ಲ. ಕವಾಟವನ್ನು ಎತ್ತಿಹಿಡಿಯುವ ಸಣ್ಣ ಸನ್ನೆಯೊಂದನ್ನು ಎಳೆದು ಗಾಳಿ ಹೊರಹೋಗಲು ಬಿಟ್ಟು, ಹ್ಯಾಂಡಲ್ ತಿರುಗಿಸುತ್ತಾರೆ. ಭಾರದ ಫ್ಲೈವೀಲ್ ವೇಗ ಹಿಡಿದ ಮೇಲೆ ಸನ್ನೆ ಬಿಡುತ್ತಾರೆ. ಗಾಳಿ ಸಿಕ್ಕಿಕೊಂಡಿತು, ಕುಗ್ಗಿತು, ಎಂಜಿನ್ ಡುಗ್ ಎಂದಿತು. ಪಿಸ್ಟನ್ ರಿಂಗ್ ಸವೆದು ಗಾಳಿ ಪಕ್ಕದಿಂದ ಸೋರತೊಡಗಿದಾಗ ಮೆಕ್ಯಾನಿಕ್ ‘ಕಂಪ್ರೆಶನ್ ಇಲ್ಲ’ ಎನ್ನುತ್ತಾನೆ. ಟ್ಯಾಂಕಿನ ತುಂಬ ಎಣ್ಣೆಯಿದ್ದರೂ ಎಂಜಿನ್ ಸ್ಟಾರ್ಟ್ ಆಗದು.

ಹಾಗಾದರೆ ಅದೇ ಎಂಜಿನ್ನಿಗೆ ಪೆಟ್ರೋಲ್ ಯಾಕೆ ಆಗದು? ಇಲ್ಲಿ ಎಣ್ಣೆಯ ಪಾತ್ರವಿದೆ, ಆದರೆ ಅದು ಬಲದ ಪಾತ್ರವಲ್ಲ, ಸ್ವಭಾವದ್ದು. ಡೀಸೆಲ್ ಬಿಸಿಗೆ ಬೇಗ ಹೊತ್ತಿಕೊಳ್ಳಬೇಕು. ಆ ಗುಣವನ್ನು ಸೀಟೇನ್ ಸಂಖ್ಯೆಯಿಂದ ಅಳೆಯುತ್ತಾರೆ, ನಮ್ಮ ಬಿಎಸ್-6 ಡೀಸೆಲ್‌ಗೆ ಅದು ಕನಿಷ್ಠ 51 ಇರಬೇಕು. ಪೆಟ್ರೋಲ್ ಇದಕ್ಕೆ ತದ್ವಿರುದ್ಧ: ಕಿಡಿ ಬೀಳುವವರೆಗೆ ಬಿಸಿಯನ್ನು ತಡೆದುಕೊಳ್ಳಲೆಂದೇ ಅದನ್ನು ತಯಾರಿಸಿರುತ್ತಾರೆ. ಡೀಸೆಲ್ ಗಾಡಿಗೆ ಪೆಟ್ರೋಲ್ ತುಂಬಿದರೆ ಎಂಜಿನ್ ಸಿಡಿಯುತ್ತದೆ ಎಂಬ ಹೆದರಿಕೆಯಿದೆಯಲ್ಲ, ನಿಜವಾದ ಅಪಾಯ ಅದಲ್ಲ. ಒತ್ತಡದ ಪಂಪಿಗೂ ನಾಜಲ್‌ಗೂ ಡೀಸೆಲ್ಲೇ ಜಾರುಎಣ್ಣೆ. ಪೆಟ್ರೋಲಿಗೆ ಆ ಜಿಡ್ಡಿಲ್ಲ. ಲೋಹಕ್ಕೆ ಲೋಹ ಉಜ್ಜಿ ಪುಡಿ ಉದುರಿ, ದುಬಾರಿ ಭಾಗಗಳೆಲ್ಲ ಹಾಳಾಗುತ್ತವೆ. ಗೊತ್ತಾದೊಡನೆ ಕೀ ತಿರುಗಿಸದೆ ಟ್ಯಾಂಕ್ ಖಾಲಿ ಮಾಡಿಸಬೇಕೆನ್ನುವುದು ಇದಕ್ಕೇ.

ಹಿಂಡಿದ ಗಾಳಿಯೊಳಗೆ ಎಣ್ಣೆ ನುಗ್ಗಿಸುವುದು ಸುಲಭದ ಮಾತಲ್ಲ. ಪಂಪಿನ ಪ್ಲಂಜರಿಗೂ ಅದರ ಬ್ಯಾರೆಲ್ಲಿಗೂ ನಡುವೆ ಇರುವ ಸಂದು ಕೆಲವೇ ಮೈಕ್ರಾನ್, ಕೂದಲೆಳೆಗಿಂತ ಎಷ್ಟೋ ಕಿರಿದು. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಕಾರ್ಖಾನೆ ದಶಕಗಟ್ಟಲೆ ತಯಾರಿಸಿದ್ದು ಇಂಥ ಪಂಪುಗಳನ್ನೇ. ಪೆಟ್ರೋಲ್ ಗಾಡಿಗಳಿಗೆ ಸ್ಪಾರ್ಕ್ ಪ್ಲಗ್ಗನ್ನೂ ಅದೇ ಕಂಪನಿ ಮಾಡುತ್ತಿತ್ತು; ಎರಡು ಜಾತಿಯ ಎಂಜಿನ್ನುಗಳ ಜೀವ ಒಂದೇ ಹೆಸರಿನಡಿ ಇತ್ತು. 1997ರಲ್ಲಿ ಆಲ್ಫಾ ರೋಮಿಯೊ 156ರೊಂದಿಗೆ ಕಾರುಗಳ ಮಾರುಕಟ್ಟೆಗೆ ಬಂದ, ಎಲ್ಲ ನಾಜಲ್‌ಗಳಿಗೂ ಒಂದೇ ಕೊಳವೆಯಿಂದ ಎಣ್ಣೆ ಕೊಡುವ ಕಾಮನ್ ರೈಲ್ ಪದ್ಧತಿಯಲ್ಲಿ ಈಗ ಒತ್ತಡ 2,000 ಬಾರನ್ನೂ ದಾಟಿದೆ. ತಮಾಷೆಯೆಂದರೆ, ಸಿಲಿಂಡರಿನಲ್ಲಿ ಪ್ರಾಣವಾಗಿರುವ ಗಾಳಿ ಎಣ್ಣೆಯ ಪೈಪಿನೊಳಗೆ ಸೇರಿದರೆ ಎಂಜಿನ್ನಿನ ಪ್ರಾಣ ತೆಗೆಯುತ್ತದೆ. ಟ್ಯಾಂಕ್ ಬತ್ತಿ ‘ಏರ್ ಹಿಡಿದ’ ಲಾರಿಗೆ ಆಮೇಲೆ ಎಷ್ಟು ಡೀಸೆಲ್ ಸುರಿದರೂ ಅದು ಹೊರಡದು. ಪಂಪ್ ಒತ್ತಿದ್ದೆಲ್ಲ ಗಾಳಿಯ ಗುಳ್ಳೆಯನ್ನು ಕುಗ್ಗಿಸುವುದಕ್ಕೇ ಖರ್ಚಾಗಿ, ನಾಜಲ್ ಬಾಯಿ ತೆರೆಯುವುದಿಲ್ಲ.

ಆಕ್ಸಿಲರೇಟರ್ ವಿಷಯಕ್ಕೆ ಬಂದರೆ, ಪೆಟ್ರೋಲ್ ಗಾಡಿಯಲ್ಲಿ ಕಾಲು ಒತ್ತಿದಾಗ ತೆರೆಯುವುದು ಗಾಳಿಯ ದಾರಿ. ಡೀಸೆಲ್‌ನಲ್ಲಿ ಆ ದಾರಿ ಸದಾ ತೆರೆದಿರುತ್ತದೆ. ಕಾಲು ನಿರ್ಧರಿಸುವುದು ಎಣ್ಣೆಯ ಅಳತೆಯನ್ನು. (ಈಗಿನ ಕೆಲವು ಎಂಜಿನ್ನುಗಳಲ್ಲಿ ಹೊಗೆ ನಿಯಂತ್ರಣಕ್ಕೆಂದು ಅಲ್ಲೊಂದು ತಟ್ಟೆ ಇದ್ದರೂ ವೇಗ ಹಿಡಿಯುವುದು ಅದರ ಕೆಲಸವಲ್ಲ.) ಗಾಳಿಯನ್ನು ಇಕ್ಕಟ್ಟಿನ ಬಾಯಿಂದ ಹೀರುವ ಶ್ರಮ ತಪ್ಪುವುದರಿಂದ ಟ್ರಾಫಿಕ್ಕಿನಲ್ಲಿ ನಿಧಾನ ಸಾಗುವಾಗಲೂ ಎಣ್ಣೆ ಉಳಿಯುತ್ತದೆ. ಕಪ್ಪು ಹೊಗೆಯ ಬಗೆಗಿನ ಭ್ರಮೆಯೂ ಇಲ್ಲಿಗೇ ಕೂಡಿಕೊಳ್ಳುತ್ತದೆ. ಘಾಟಿಯಲ್ಲಿ ಹೊಗೆ ಉಗುಳುತ್ತ ಏರುವ ಲಾರಿಗೆ ‘ದಮ್ಮಿದೆ’ ಎನ್ನುವವರಿದ್ದಾರೆ. ಆ ಕಪ್ಪು, ಗಾಳಿ ಸಾಲದೆ ಅರೆಬೆಂದ ಎಣ್ಣೆಯ ಮಸಿ. ಏರ್ ಫಿಲ್ಟರ್ ಕಟ್ಟಿರಬೇಕು, ನಾಜಲ್ ಸವೆದಿರಬೇಕು, ಇಲ್ಲವೇ ಯಾರೋ ಪಂಪನ್ನು ಬೇಕೆಂದೇ ಹೆಚ್ಚಿಗೆ ತಿರುವಿರಬೇಕು. ಹೊಗೆಯಾಗಿ ಹೋದದ್ದು ಮಾಲೀಕನ ದುಡ್ಡು. ಹೊಗೆಯ ಜೊತೆಗೆ ಇನ್ನೊಂದು ಮಾತು: 2020ರ ಏಪ್ರಿಲ್ 1ರ ಬಿಎಸ್-6 ನಿಯಮದ ನಂತರ ಲಾರಿಗಳಿಗೆ ಹಾಕುವ ಯೂರಿಯಾ ದ್ರಾವಣ ಡೀಸೆಲ್‌ಗೆ ಬೆರೆಸುವಂಥದ್ದಲ್ಲ, ಮೈಲೇಜು ಕೊಡುವಂಥದ್ದೂ ಅಲ್ಲ. ಅದರ ಟ್ಯಾಂಕೇ ಬೇರೆ. ಅದು ಸೈಲೆನ್ಸರಿನ ಕಡೆ ಹೋಗುವ ಹೊಗೆಗೆ ಚಿಮ್ಮಿ ನೈಟ್ರೋಜನ್ ಆಕ್ಸೈಡುಗಳನ್ನು ಮುರಿಯುತ್ತದೆ.

ಎಳೆತವೂ ಗಾಳಿಯ ಲೆಕ್ಕವೇ. ಹೊರಬೀಳುವ ಬಿಸಿ ಹೊಗೆಯಿಂದಲೇ ಚಕ್ರ ತಿರುಗಿಸಿ ಟರ್ಬೊ ಇನ್ನಷ್ಟು ಗಾಳಿ ತುರುಕುತ್ತದೆ. ಗಾಳಿ ಹೆಚ್ಚಿದ್ದರೆ ಹೊಗೆಯಿಲ್ಲದೆ ಹೆಚ್ಚು ಎಣ್ಣೆ ಉರಿಸಬಹುದು. ಕಿಡಿಗೆ ಮೊದಲೇ ಹೊತ್ತಿಕೊಳ್ಳುವ ಭಯ ಪೆಟ್ರೋಲ್ ಎಂಜಿನ್ನಿಗಿರುವಂತೆ ಇಲ್ಲಿಲ್ಲ, ಏಕೆಂದರೆ ಹಿಂಡುವಾಗ ಒಳಗೆ ಎಣ್ಣೆಯೇ ಇರುವುದಿಲ್ಲ.

ರುಡಾಲ್ಫ್ ಡೀಸೆಲ್ ಕಡಲೆಕಾಯಿ ಎಣ್ಣೆಗಾಗಿಯೇ ಈ ಎಂಜಿನ್ ಕಂಡುಹಿಡಿದ ಎಂಬ ಕತೆ ಈಚೆಗೆ ಬಹಳ ಓಡಾಡುತ್ತಿದೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಕಡಲೆಕಾಯಿ ಎಣ್ಣೆಯಿಂದ ಓಡಿದ ಸಣ್ಣ ಎಂಜಿನ್ನೊಂದು ಇದ್ದದ್ದು ನಿಜ, ಅದನ್ನು ತೋರಿಸಿದ್ದು ಓಟೊ ಕಂಪನಿ. ರುಡಾಲ್ಫ್‌ನ ಮೊದಲ ಯೋಚನೆಗಳಲ್ಲಿ ಕಲ್ಲಿದ್ದಲ ಪುಡಿಯೂ ಇತ್ತು. ಅವನ ಹಟ ಇದ್ದದ್ದು ಶಾಖವನ್ನು ಪೋಲು ಮಾಡಬಾರದೆಂಬುದರಲ್ಲಿ, ಇಂಥದೇ ಎಣ್ಣೆ ಎಂಬುದರಲ್ಲಲ್ಲ. 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಅವನ ಎಂಜಿನ್ ಶಾಖದ ಶೇ. 26ರಷ್ಟನ್ನು ಕೆಲಸಕ್ಕೆ ತಂದಿತು. ಆಗಿನ ಸಾಮಾನ್ಯ ಉಗಿ ಎಂಜಿನ್ನುಗಳು ಅದರ ಅರ್ಧಕ್ಕೂ ಬರುತ್ತಿರಲಿಲ್ಲ. ನಾವು ಎಣ್ಣೆಯನ್ನು ‘ಡೀಸೆಲ್’ ಎನ್ನುವುದೂ ಎಂಜಿನ್ನಿನಿಂದಲೇ ಬಂದ ಹೆಸರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಡುಪಿ ಶ್ರೀನಿವಾಸ ಮತ್ತು ಸಂಗಡಿಗರು ಹೊಂಗೆ ಎಣ್ಣೆಯಿಂದ ಇಂಥ ಎಂಜಿನ್ ಓಡಿಸಿ ತೋರಿಸಿದ್ದಾರೆ. ಹಸಿ ಹೊಂಗೆ ಎಣ್ಣೆ ಗಟ್ಟಿ, ನಾಜಲ್‌ಗೆ ಅಂಟು ಕಟ್ಟುತ್ತದೆ ಎಂಬ ಆಕ್ಷೇಪ ಸರಿಯಾದದ್ದೇ. ಬಯೋಡೀಸೆಲ್ ಮಾಡಿ ತೆಳುವಾಗಿಸುವುದು ಅದಕ್ಕಾಗಿ. ಎಣ್ಣೆ ಇಂಥದೇ ಆಗಬೇಕಿಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿ ಹಡಗು. 2006ರಲ್ಲಿ ನೀರಿಗಿಳಿದ ಎಮ್ಮಾ ಮರ್ಸ್ಕ್ ಹಡಗಿನ 14 ಸಿಲಿಂಡರಿನ ಎಂಜಿನ್ 80,000 ಕಿಲೋವ್ಯಾಟ್ ಕೊಡುವಂಥದ್ದು, ನಿಮಿಷಕ್ಕೆ ತಿರುಗುವುದು 100 ಸುತ್ತಿನ ಆಸುಪಾಸು. ಅದು ಶಾಖದ ಅರ್ಧದಷ್ಟನ್ನು ಕೆಲಸವಾಗಿಸುತ್ತದೆ. ಅದರ ಇಂಧನವೋ, ಕಾಯಿಸದಿದ್ದರೆ ಹರಿಯದ, ಟಾರಿನಂಥ ಸಂಸ್ಕರಣಾಗಾರದ ಕಾಟು.

ಎಂಜಿನ್ ಹುಚ್ಚೆದ್ದು ಓಡುವುದೆಂದು ಒಂದು ಅಪಘಾತವಿದೆ. ಟರ್ಬೊದ ಸೀಲ್ ಹೋಗಿ ಎಂಜಿನ್ ಆಯಿಲ್ ಗಾಳಿಯ ದಾರಿಗೆ ಸೋರುತ್ತದೆ, ಎಂಜಿನ್ ಅದನ್ನೇ ಉರಿಸತೊಡಗುತ್ತದೆ. ಚಾಲಕ ಕೀ ತೆಗೆದರೂ, ಡೀಸೆಲ್ ಪೈಪನ್ನೇ ಕಿತ್ತರೂ ವೇಗ ಏರುತ್ತಲೇ ಹೋಗಿ ಕೊನೆಗೆ ಎಂಜಿನ್ ಒಡೆಯುತ್ತದೆ. ತೈಲಬಾವಿಗಳಂಥ ಕಡೆ ಕೆಲಸ ಮಾಡುವ ಡೀಸೆಲ್ ಎಂಜಿನ್ನುಗಳಿಗೆ ಇದಕ್ಕೆಂದೇ ಬೇರೊಂದು ಬಾಗಿಲು ಇಟ್ಟಿರುತ್ತಾರೆ. ಅದು ಮುಚ್ಚುವುದು ಗಾಳಿಯನ್ನು.